ಹಕ್ಕುಗಳ ಅಧ್ಯಾಯವಿಲ್ಲದ ಸಂವಿಧಾನ: ಆಸ್ಟ್ರೇಲಿಯಾದ ಕೆಲವು ಮೊಕದ್ದಮೆಗಳು

ಆಸ್ಟ್ರೇಲಿಯಾದ ಸಂವಿಧಾನದಲ್ಲಿ ಮೂಲಭೂತ ಹಕ್ಕುಗಳ ಅಧ್ಯಾಯವಿಲ್ಲ. ಭಾರತದ ಸಂವಿಧಾನದ ಮೂರನೇ ಭಾಗದಲ್ಲಿ ಸಮಾನತೆ, ವಾಕ್ ಸ್ವಾತಂತ್ರ್ಯ, ಜೀವಿಸುವ ಹಕ್ಕು ಎಂದು ಒಂದೊಂದನ್ನೇ ಬರೆದಿಟ್ಟ ಹಾಗೆ ಅಲ್ಲಿ ಯಾರೂ ಬರೆದಿಟ್ಟಿಲ್ಲ. 1901ರ ಜನವರಿ 1ರಂದು ಜಾರಿಗೆ ಬಂದ ಆ ಸಂವಿಧಾನ ಆರು ಬ್ರಿಟಿಷ್ ವಸಾಹತುಗಳನ್ನು ಒಂದು ಒಕ್ಕೂಟವಾಗಿ ಕೂಡಿಸಲು ರೂಪುಗೊಂಡದ್ದು. ಕೇಂದ್ರದ ಅಧಿಕಾರ ಎಲ್ಲಿಯವರೆಗೆ, ರಾಜ್ಯಗಳದ್ದು ಎಲ್ಲಿಯವರೆಗೆ, ಸುಂಕದ ಹಣ ಯಾರಿಗೆ ಎಂಬುದೇ ಅದನ್ನು ಬರೆದವರ ಮುಖ್ಯ ಚಿಂತೆಯಾಗಿತ್ತು. ಧರ್ಮದ ವಿಚಾರದಲ್ಲಿ ಕೇಂದ್ರ ಕೈಹಾಕಬಾರದು, ಆಸ್ತಿ ವಶಪಡಿಸಿಕೊಂಡರೆ ನ್ಯಾಯವಾದ ಪರಿಹಾರ ಕೊಡಬೇಕು ಎಂಬಂಥ ಬೆರಳೆಣಿಕೆಯ ರಕ್ಷಣೆಗಳು ಮಾತ್ರ ಅಲ್ಲಲ್ಲಿ ಇವೆ. ಕ್ಯಾನ್‌ಬೆರಾ ಪ್ರದೇಶ 2004ರಲ್ಲಿ, ವಿಕ್ಟೋರಿಯಾ 2006ರಲ್ಲಿ, ಕ್ವೀನ್ಸ್‌ಲ್ಯಾಂಡ್ 2019ರಲ್ಲಿ ಮಾನವ ಹಕ್ಕುಗಳ ಕಾಯ್ದೆ ಮಾಡಿಕೊಂಡವು. ಅವು ಕೇಂದ್ರ ಸರ್ಕಾರದ ಕಾನೂನುಗಳನ್ನು ಕಟ್ಟಿಹಾಕಲಾರವು.

ಹೀಗಿರುವಾಗ ಸರ್ಕಾರ ಒಬ್ಬನ ಸ್ವಾತಂತ್ರ್ಯವನ್ನೋ ನೆಲವನ್ನೋ ಕಿತ್ತುಕೊಂಡರೆ ಅವನು ಯಾವ ಆಧಾರದ ಮೇಲೆ ಕೋರ್ಟಿಗೆ ಹೋಗಬೇಕು? ಆ ದೇಶದ ದೊಡ್ಡ ಮೊಕದ್ದಮೆಗಳಲ್ಲಿ ಹಲವು ಈ ಇಕ್ಕಟ್ಟಿನಿಂದಲೇ ಹುಟ್ಟಿದವು. ‘ಇದನ್ನು ಮಾಡುವ ಅಧಿಕಾರ ನಿಮಗೆ ಎಲ್ಲಿಂದ ಬಂತು?’ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ಅಲ್ಲಿನ ನ್ಯಾಯಮೂರ್ತಿಗಳು ಅಚ್ಚರಿಯಾಗುವಷ್ಟು ದೂರ ಸಾಗಿದ್ದಾರೆ. ಕೆಲವೊಮ್ಮೆ ಅದೇ ಪ್ರಶ್ನೆ ಅವರನ್ನು ನಡುದಾರಿಯಲ್ಲಿ ನಿಲ್ಲಿಸಿಯೂ ಇದೆ.

ಭಾರತದ ಓದುಗರಿಗೆ ಗೊಂದಲವಾಗುವ ಒಂದು ಸಂಗತಿ ಇದೆ. ಅಲ್ಲಿ ಪ್ರತಿ ರಾಜ್ಯಕ್ಕೂ ಒಂದು ಸುಪ್ರೀಂ ಕೋರ್ಟ್ ಇರುತ್ತದೆ. ಅವೆಲ್ಲಕ್ಕೂ ಮೇಲಿರುವುದು ಕ್ಯಾನ್‌ಬೆರಾದ ಹೈಕೋರ್ಟ್. 1903ರಲ್ಲಿ ಸ್ಥಾಪನೆಯಾದ ಈ ನ್ಯಾಯಾಲಯದಲ್ಲಿ ಏಳು ನ್ಯಾಯಮೂರ್ತಿಗಳಿರುತ್ತಾರೆ. ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಮೇಲ್ಮನವಿ ಹೋಗುವ ದಾರಿ 1986ರಲ್ಲಿ ಪೂರ್ತಿಯಾಗಿ ಮುಚ್ಚಿದ ಮೇಲೆ ಈ ಹೈಕೋರ್ಟಿನ ಮಾತೇ ಕೊನೆಯ ಮಾತು.

ಅಧಿಕಾರದ ಪ್ರಶ್ನೆಯಿಂದಲೇ ಸ್ವಾತಂತ್ರ್ಯವನ್ನು ಕಾಯಬಹುದು ಎಂಬುದಕ್ಕೆ 1951ರ ಕಮ್ಯುನಿಸ್ಟ್ ಪಕ್ಷದ ಮೊಕದ್ದಮೆಗಿಂತ ಸ್ಪಷ್ಟ ನಿದರ್ಶನ ಸಿಗುವುದು ಕಷ್ಟ. ಅದು ಶೀತಲ ಸಮರದ ಕಾಲ. ಕೊರಿಯಾದಲ್ಲಿ ಯುದ್ಧ ನಡೆಯುತ್ತಿತ್ತು. ಪ್ರಧಾನಿ ರಾಬರ್ಟ್ ಮೆಂಝೀಸ್ ಅವರ ಸರ್ಕಾರ 1950ರಲ್ಲಿ ಕಮ್ಯುನಿಸ್ಟ್ ಪಕ್ಷವನ್ನು ವಿಸರ್ಜಿಸಿ, ಅದರ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಳ್ಳುವ ಕಾಯ್ದೆ ತಂದಿತು. ಕಾಯ್ದೆ ಪಕ್ಷಕ್ಕಷ್ಟೇ ನಿಲ್ಲಲಿಲ್ಲ. ಯಾರನ್ನಾದರೂ ಕಮ್ಯುನಿಸ್ಟ್ ಎಂದೂ ದೇಶದ ರಕ್ಷಣೆಗೆ ಅಪಾಯಕಾರಿ ಎಂದೂ ಘೋಷಿಸುವ ಅಧಿಕಾರ ಸರ್ಕಾರಕ್ಕೆ ಸಿಕ್ಕಿತು. ಹಾಗೆ ಘೋಷಿತನಾದವನು ಸರ್ಕಾರಿ ಕೆಲಸದಲ್ಲಿ ಇರುವಂತಿಲ್ಲ, ಮುಖ್ಯ ಕಾರ್ಮಿಕ ಸಂಘಗಳ ಪದಾಧಿಕಾರಿಯೂ ಆಗುವಂತಿಲ್ಲ. ತಾನು ಕಮ್ಯುನಿಸ್ಟ್ ಅಲ್ಲ ಎಂದು ಸಾಬೀತುಪಡಿಸುವ ಹೊಣೆಯೂ ಅವನದೇ.

ಹಡಗುಕಟ್ಟೆ ಕಾರ್ಮಿಕರ ಸಂಘದ ಪರವಾಗಿ ವಾದಿಸಲು ನಿಂತವರು ಎಚ್.ವಿ. ಎವಟ್. ಅವರು ಹಿಂದೆ ಅದೇ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು, ವಿಶ್ವಸಂಸ್ಥೆಯ ಮಹಾಸಭೆಯ ಅಧ್ಯಕ್ಷರಾಗಿದ್ದವರು, ಆಗ ವಿರೋಧ ಪಕ್ಷದ ಉಪನಾಯಕರು. ದೇಶದ ರಕ್ಷಣೆಗೆ ಕಾನೂನು ಮಾಡುವ ಅಧಿಕಾರ ತನಗಿದೆ, ಈ ಪಕ್ಷದಿಂದ ಅಪಾಯವಿದೆ ಎಂದು ಕಾಯ್ದೆಯ ಪೀಠಿಕೆಯಲ್ಲೇ ಹೇಳಿದ್ದೇನೆ, ಅಷ್ಟು ಸಾಕು ಎಂಬುದು ಸರ್ಕಾರದ ವಾದದ ತಿರುಳಾಗಿತ್ತು. ಏಳರಲ್ಲಿ ಆರು ನ್ಯಾಯಮೂರ್ತಿಗಳು ಇದನ್ನು ಒಪ್ಪಲಿಲ್ಲ. ಅಪಾಯ ಇದೆಯೋ ಇಲ್ಲವೋ ಎಂಬುದರ ಮೇಲೆ ಸಂಸತ್ತಿನ ಅಧಿಕಾರವೇ ನಿಂತಿರುವಾಗ ಅದನ್ನು ಸಂಸತ್ತೇ ತೀರ್ಮಾನಿಸಿಕೊಳ್ಳುವಂತಿಲ್ಲ ಎಂದರು. ನದಿಯ ನೀರು ತನ್ನ ಮೂಲಕ್ಕಿಂತ ಎತ್ತರಕ್ಕೆ ಏರಲಾರದು ಎಂದು ನ್ಯಾಯಮೂರ್ತಿ ಫುಲಗರ್ ಬರೆದ ಮಾತನ್ನು ಅಲ್ಲಿನ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ತೀರ್ಪು ಬರೆದವರಲ್ಲಿ ಯಾರೂ ಕಮ್ಯುನಿಸ್ಟರ ಹಿತೈಷಿಗಳೆಂದು ಹೆಸರಾದವರಲ್ಲ. ತೀರ್ಪಿನ ಬೆಲೆ ಇರುವುದೂ ಅಲ್ಲಿಯೇ.

ಮೆಂಝೀಸ್ ಅಷ್ಟಕ್ಕೆ ಬಿಡದೆ ಸಂವಿಧಾನವನ್ನೇ ತಿದ್ದಲು ಅದೇ ವರ್ಷದ ಸೆಪ್ಟೆಂಬರ್ 22ರಂದು ಜನಮತಗಣನೆ ನಡೆಸಿದರು. ಅಲ್ಲಿ ತಿದ್ದುಪಡಿಗೆ ಇಡೀ ದೇಶದ ಮತದಾರರ ಬಹುಮತವೂ ಬೇಕು, ಆರರಲ್ಲಿ ಕನಿಷ್ಠ ನಾಲ್ಕು ರಾಜ್ಯಗಳ ಬಹುಮತವೂ ಬೇಕು. ಎರಡೂ ಸಿಗಲಿಲ್ಲ. ಒಪ್ಪಿದ್ದು ಮೂರು ರಾಜ್ಯಗಳು ಮಾತ್ರ. ದೇಶದ ಲೆಕ್ಕದಲ್ಲಿ ‘ಬೇಡ’ ಎಂದವರು ಕೂದಲೆಳೆಯಷ್ಟು ಮುಂದಿದ್ದರು.

ಅದೇ ಅಧಿಕಾರದ ಪ್ರಶ್ನೆ 1983ರಲ್ಲಿ ಒಂದು ನದಿಯನ್ನು ಉಳಿಸಿತು. ಟಾಸ್ಮೇನಿಯಾ ರಾಜ್ಯ ಫ್ರಾಂಕ್ಲಿನ್ ನದಿ ಕಣಿವೆಯನ್ನು ಮುಳುಗಿಸುವ ಜಲವಿದ್ಯುತ್ ಅಣೆಕಟ್ಟು ಕಟ್ಟಲು ಹೊರಟಿತ್ತು. ಆ ಕಾಡುಪ್ರದೇಶ 1982ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸಾವಿರಾರು ಜನ ಕಾಡಿಗೆ ಬಂದು ಕೆಲಸಕ್ಕೆ ಅಡ್ಡ ನಿಂತರು, ಅನೇಕರು ಬಂಧನಕ್ಕೊಳಗಾದರು. 1983ರ ಮಾರ್ಚ್‌ನಲ್ಲಿ ಗೆದ್ದುಬಂದ ಬಾಬ್ ಹಾಕ್ ಸರ್ಕಾರ ಅಣೆಕಟ್ಟನ್ನು ನಿಷೇಧಿಸಿತು. ಸಾಕ್ಷ್ಯ ಕಲೆಹಾಕಲು ವಾಯುಪಡೆಯ ವಿಮಾನ ಕಳಿಸಿ ಕಾಮಗಾರಿಯ ಚಿತ್ರಗಳನ್ನೂ ತೆಗೆಸಿತು. ಪರಿಸರ ಎಂಬ ಶಬ್ದ ಸಂವಿಧಾನದ ಕೇಂದ್ರಪಟ್ಟಿಯಲ್ಲಿ ಇಲ್ಲವೇ ಇಲ್ಲ. ಆದರೆ ‘ವಿದೇಶ ವ್ಯವಹಾರ’ ಇದೆ. ವಿಶ್ವ ಪರಂಪರೆಯ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಅದನ್ನು ಜಾರಿಗೊಳಿಸುವುದೂ ವಿದೇಶ ವ್ಯವಹಾರವೇ ಎಂದು ಜುಲೈ 1ರಂದು ನಾಲ್ವರು ಹೇಳಿದರು, ಮೂವರು ಒಪ್ಪಲಿಲ್ಲ. ಭಾರತದಲ್ಲಿ ಸಂವಿಧಾನದ 253ನೇ ವಿಧಿ ಈ ಅಧಿಕಾರವನ್ನು ಸಂಸತ್ತಿಗೆ ನೇರವಾಗಿ ಕೊಟ್ಟಿದೆ. ಆಸ್ಟ್ರೇಲಿಯಾದಲ್ಲಿ ಅದು ಒಂದೇ ಮತದ ಅಂತರದಲ್ಲಿ ತೀರ್ಮಾನವಾಯಿತು. ಅಣೆಕಟ್ಟು ಬೇಕೋ ಬೇಡವೋ ಎಂಬುದು ತಮ್ಮ ಮುಂದಿನ ಪ್ರಶ್ನೆಯಲ್ಲ ಎಂದು ನ್ಯಾಯಾಲಯ ಅಂದು ಬೇರೆಯಾಗಿಯೇ ಸ್ಪಷ್ಟಪಡಿಸಿತು. ಫ್ರಾಂಕ್ಲಿನ್ ಈಗಲೂ ತಡೆಯಿಲ್ಲದೆ ಹರಿಯುತ್ತಿದೆ.

ನೆಲದ ಪ್ರಶ್ನೆ ಇವೆಲ್ಲಕ್ಕಿಂತ ಹಳೆಯದು. 1788ರಲ್ಲಿ ಬ್ರಿಟಿಷರು ಸಿಡ್ನಿಯಲ್ಲಿ ನೆಲೆಯೂರಿದಾಗ ಆ ಖಂಡದಲ್ಲಿ ಜನ ಹತ್ತಾರು ಸಾವಿರ ವರ್ಷಗಳಿಂದ ಬಾಳುತ್ತಿದ್ದರು. ಆದರೂ ಕಾನೂನಿನ ಕಣ್ಣಿಗೆ ಅದು ಯಾರಿಗೂ ಸೇರದ ಭೂಮಿ. ಬ್ರಿಟಿಷ್ ಧ್ವಜ ಏರಿದ ಕ್ಷಣದಿಂದ ಎಲ್ಲ ನೆಲವೂ ರಾಜಮುಕುಟದ್ದು ಎಂಬ ತತ್ವ ಇನ್ನೂರು ವರ್ಷ ನಡೆಯಿತು. 1971ರಲ್ಲಿ ಉತ್ತರದ ಗೋವ್ ಪರ್ಯಾಯದ್ವೀಪದಲ್ಲಿ ಬಾಕ್ಸೈಟ್ ಗಣಿಯ ವಿರುದ್ಧ ಯೋಲ್ಙು ಜನ ಹೂಡಿದ ದಾವೆಯಲ್ಲಿ ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್, ಆ ಜನರಿಗೆ ತಮ್ಮದೇ ಕಾನೂನು ವ್ಯವಸ್ಥೆ ಇರುವುದನ್ನು ಒಪ್ಪಿಕೊಂಡರು. ಒಪ್ಪಿಕೊಂಡೂ ದಾವೆಯನ್ನು ವಜಾ ಮಾಡಿದರು. ಆ ವ್ಯವಸ್ಥೆ ಕೊಡುವ ಭೂಹಕ್ಕಿಗೆ ಆಸ್ಟ್ರೇಲಿಯಾದ ಕಾನೂನಿನಲ್ಲಿ ಜಾಗವಿಲ್ಲ ಎಂದರು.

ಎಡ್ಡಿ ಕೊಯಿಕಿ ಮಾಬೊ ಹುಟ್ಟಿದ್ದು 1936ರಲ್ಲಿ, ಆಸ್ಟ್ರೇಲಿಯಾ ಮತ್ತು ಪಪುವಾ ನ್ಯೂಗಿನಿಯ ನಡುವಣ ಟೊರೆಸ್ ಜಲಸಂಧಿಯ ಮೇರ್ ಎಂಬ ಪುಟ್ಟ ದ್ವೀಪದಲ್ಲಿ. 1970ರ ದಶಕದಲ್ಲಿ ಅವರು ಟೌನ್ಸ್‌ವಿಲ್ ನಗರದ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ತೋಟದ ಕೆಲಸಕ್ಕಿದ್ದರು. ಒಂದು ದಿನ ಅಲ್ಲಿನ ಇತಿಹಾಸದ ಅಧ್ಯಾಪಕರಾದ ಹೆನ್ರಿ ರೆನಾಲ್ಡ್ಸ್ ಮತ್ತು ನೋಯಲ್ ಲೂಸ್ ಅವರೊಡನೆ ಮಾತಾಡುತ್ತ ತಮ್ಮ ದ್ವೀಪದ ಜಮೀನಿನ ವಿಷಯ ಎತ್ತಿದರು. ಆ ಜಮೀನು ಕಾನೂನಿನ ಪ್ರಕಾರ ನಿಮ್ಮದಲ್ಲ, ಸರ್ಕಾರದ್ದು ಎಂದು ಅಧ್ಯಾಪಕರು ತಿಳಿಸಬೇಕಾಯಿತು. ಅಲ್ಲಿಯವರೆಗೆ ಮಾಬೊ ಅವರಿಗೆ ಆ ಸಂಗತಿ ಗೊತ್ತೇ ಇರಲಿಲ್ಲ.

ಗೊತ್ತಿಲ್ಲದಿರಲು ಕಾರಣವಿತ್ತು. ಮೇರ್ ದ್ವೀಪದಲ್ಲಿ ಒಂದೊಂದು ಕುಟುಂಬಕ್ಕೂ ಇಂತಿಷ್ಟು ತೋಟ ಎಂದು ತಲೆಮಾರುಗಳಿಂದ ಗುರುತಾಗಿತ್ತು. ಗಡಿಗೆ ಮರ, ಕಲ್ಲುಗಳ ಗುರುತು. ತಂದೆಯಿಂದ ಮಗನಿಗೆ ಮಾತಿನಲ್ಲೇ ಹಸ್ತಾಂತರ. ಮಾಲೋ ಎಂಬ ದೈವದ ಕಟ್ಟಳೆಯಂತೆ ಪರರ ತೋಟಕ್ಕೆ ಕೈಚಾಚುವುದು, ಅಪ್ಪಣೆಯಿಲ್ಲದೆ ಕಾಲಿಡುವುದು ನಿಷಿದ್ಧ. ಬೇಸಾಯ, ಗಡಿ, ಉತ್ತರಾಧಿಕಾರ ಎಲ್ಲವೂ ಇದ್ದ ಇಂಥ ನೆಲವನ್ನು ಯಾರದೂ ಅಲ್ಲದ್ದು ಎನ್ನುವುದು ಎಷ್ಟು ಅಸಂಗತ ಎಂಬುದು ಇಲ್ಲಿ ಎದ್ದು ಕಾಣುತ್ತಿತ್ತು. ಮೊಕದ್ದಮೆಗೆ ಈ ದ್ವೀಪವೇ ತಕ್ಕ ಜಾಗವಾದದ್ದು ಅದರಿಂದಲೇ.

1982ರ ಮೇ 20ರಂದು ಮಾಬೊ ಮತ್ತು ಇತರ ನಾಲ್ವರು ದ್ವೀಪವಾಸಿಗಳು ದಾವೆ ಹೂಡಿದರು. ದಾವೆ ನಡೆಯುತ್ತಿರುವಾಗಲೇ ಕ್ವೀನ್ಸ್‌ಲ್ಯಾಂಡ್ ಸರ್ಕಾರ 1985ರಲ್ಲಿ, ದ್ವೀಪದ ಜನರಿಗೆ ಏನಾದರೂ ಹಕ್ಕು ಇದ್ದಿದ್ದರೆ ಅದು ದ್ವೀಪ ತನ್ನ ವಶಕ್ಕೆ ಬಂದ 1879ರಲ್ಲೇ ರದ್ದಾಗಿದೆ, ಪರಿಹಾರವೂ ಇಲ್ಲ ಎಂದು ಕಾಯ್ದೆ ಮಾಡಿತು. ಕೋರ್ಟಿನಲ್ಲಿರುವ ವ್ಯಾಜ್ಯವನ್ನು ಶಾಸನಸಭೆಯಲ್ಲಿ ಮುಗಿಸಿಬಿಡುವ ಈ ಯತ್ನ ನಿಜಕ್ಕೂ ನಾಚಿಕೆಗೇಡು. ಅದು 1975ರ ಜನಾಂಗೀಯ ತಾರತಮ್ಯ ಕಾಯ್ದೆಗೆ ವಿರುದ್ಧ ಎಂದು ಹೈಕೋರ್ಟ್ 1988ರಲ್ಲಿ ಹೇಳಿತು. ಅಲ್ಲಿಯೂ ನಾಲ್ಕಕ್ಕೆ ಮೂರರ ತೀರ್ಪು. ಸಾಕ್ಷ್ಯ ಕೇಳಲು ಕ್ವೀನ್ಸ್‌ಲ್ಯಾಂಡಿನ ನ್ಯಾಯಮೂರ್ತಿ ದ್ವೀಪಕ್ಕೇ ಹೋಗಿ ಕಲಾಪ ನಡೆಸಿದರು. ಮಾಬೊ ಅವರನ್ನು ಸಾಕಿದವರು ಸೋದರಮಾವ ಬೆನ್ನಿ ಮಾಬೊ. ಅವರ ದತ್ತುಮಗನಾಗಿಯೇ ಎಡ್ಡಿ ಜಮೀನಿನ ಹಕ್ಕು ಕೇಳಿದ್ದರು. ಆ ದತ್ತುಸಂಬಂಧ ರುಜುವಾತಾಗಿಲ್ಲ ಎಂದು 1990ರಲ್ಲಿ ವರದಿ ಬಂತು. ಮೊಕದ್ದಮೆಗೆ ಹೆಸರು ಕೊಟ್ಟ ಮನುಷ್ಯನ ಸ್ವಂತ ಹಕ್ಕುದಾವೆಯೇ ಬಿದ್ದುಹೋಯಿತು. ದ್ವೀಪದ ಜನರ ಹಕ್ಕಿನ ಪ್ರಶ್ನೆ ಮಾತ್ರ ಉಳಿಯಿತು.

1992ರ ಜೂನ್ 3ರಂದು ಆರಕ್ಕೆ ಒಂದರ ಬಹುಮತದಿಂದ ಹೈಕೋರ್ಟ್ ಮೇರ್ ಜನರ ಹಕ್ಕನ್ನು ಎತ್ತಿಹಿಡಿಯಿತು. ಬ್ರಿಟಿಷ್ ಪ್ರಭುತ್ವ ಬಂದರೂ ಮೂಲನಿವಾಸಿಗಳ ಭೂಹಕ್ಕು ತನ್ನಷ್ಟಕ್ಕೆ ಅಳಿದುಹೋಗಲಿಲ್ಲ, ಅದನ್ನು ಸಾಮಾನ್ಯ ಕಾನೂನು (ಕಾಮನ್ ಲಾ) ಗುರುತಿಸುತ್ತದೆ ಎಂದಿತು. ಮಾಬೊ ಇದನ್ನು ಕೇಳಲು ಇರಲಿಲ್ಲ. ಅದೇ ವರ್ಷದ ಜನವರಿ 21ರಂದು ಕ್ಯಾನ್ಸರ್‌ನಿಂದ ತೀರಿಕೊಂಡಿದ್ದರು.

ಮನೆಯ ಹಿತ್ತಲೂ ಕೈತಪ್ಪೀತು ಎಂದು ಆಗ ಕೆಲವರು ಜನರನ್ನು ಹೆದರಿಸಿದ್ದುಂಟು. ಅದಕ್ಕೆ ಆಧಾರವಿರಲಿಲ್ಲ. ಪೂರ್ಣ ಸ್ವಾಮ್ಯದ ಹಕ್ಕುಪತ್ರ ಕೊಟ್ಟಿರುವ ನೆಲದಲ್ಲಿ ಮೂಲಹಕ್ಕು ಅಳಿದಿದೆ ಎಂದು ತೀರ್ಪೇ ಹೇಳಿತ್ತು. ಸಂಸತ್ತು 1993ರಲ್ಲಿ ಮೂಲನಿವಾಸಿ ಭೂಹಕ್ಕು ಕಾಯ್ದೆ ಮಾಡಿತು. ಜಾನುವಾರು ಸಾಕಣೆಗೆ ಗುತ್ತಿಗೆ ಕೊಟ್ಟ ವಿಶಾಲ ಭೂಮಿಯಲ್ಲಿಯೂ ಮೂಲಹಕ್ಕು ಉಳಿದಿರಬಹುದು ಎಂದು 1996ರ ವಿಕ್ ತೀರ್ಪು ಹೇಳಿದಾಗ ಮತ್ತೆ ಗದ್ದಲವೆದ್ದು, 1998ರಲ್ಲಿ ಕಾಯ್ದೆಯನ್ನು ತಿದ್ದಿ ಬಿಗಿಗೊಳಿಸಲಾಯಿತು. ಹಕ್ಕು ಸಿಗಬೇಕಾದರೆ ನೆಲದೊಂದಿಗಿನ ಸಾಂಪ್ರದಾಯಿಕ ಸಂಬಂಧ ಕಡಿಯದೆ ಬಂದಿದೆ ಎಂದು ತೋರಿಸಬೇಕು. ಮರೆ ನದಿಯ ಬಯಲಿನ ಯೋರ್ಟಾ ಯೋರ್ಟಾ ಜನರ ದಾವೆ 2002ರಲ್ಲಿ ಸೋತದ್ದು ಇದರಿಂದಲೇ. ಅವರನ್ನು ನೆಲದಿಂದ ಎಬ್ಬಿಸಿದವರು ವಲಸೆ ಬಂದವರು. ಸಂಬಂಧ ಕಡಿದುಹೋದ ನಷ್ಟ ಬಿದ್ದದ್ದು ಮಾತ್ರ ಎಬ್ಬಿಸಿಕೊಂಡವರ ಮೇಲೆ. ಹೆಚ್ಚು ಕಳೆದುಕೊಂಡವರಿಗೇ ರುಜುವಾತು ಹೆಚ್ಚು ಕಷ್ಟವಾಗುವ ಈ ಕೊರತೆಯನ್ನು ಮಾಬೊ ತೀರ್ಪಿನ ಕೀರ್ತಿ ಮುಚ್ಚಿಡಲಾರದು.

ಅಧಿಕಾರದ ಪ್ರಶ್ನೆಗೆ ಹೊರತಾದ ಕ್ರಿಮಿನಲ್ ಮೊಕದ್ದಮೆಗಳಲ್ಲಿ ದೇಶವನ್ನು ಎರಡು ಹೋಳು ಮಾಡಿದ್ದು ಚೇಂಬರ್ಲೇನ್ ಪ್ರಕರಣ. 1980ರ ಆಗಸ್ಟ್ 17ರ ರಾತ್ರಿ ಮರುಭೂಮಿಯ ನಡುವಿನ ಉಲುರು ಬಂಡೆಯ ಬಳಿ ಡೇರೆ ಹಾಕಿದ್ದ ಕುಟುಂಬವೊಂದರ ಒಂಬತ್ತು ವಾರದ ಹೆಣ್ಣುಮಗು ಅಜಾರಿಯಾ ಕಾಣೆಯಾಯಿತು. ಡಿಂಗೊ, ಅಂದರೆ ಅಲ್ಲಿನ ಕಾಡುನಾಯಿ, ಮಗುವನ್ನು ಕಚ್ಚಿಕೊಂಡು ಹೋಯಿತು ಎಂದು ತಾಯಿ ಲಿಂಡಿ ಕೂಗಿಕೊಂಡರು. ಮೊದಲ ಮರಣ ವಿಚಾರಣೆ ಅದನ್ನು ನಂಬಿತು. ಜನ ನಂಬಲಿಲ್ಲ. ತಾಯಿ ಸಾಕಷ್ಟು ಅಳಲಿಲ್ಲ ಎಂದರು. ಅಜಾರಿಯಾ ಎಂದರೆ ಬಲಿ ಎಂದು ಅರ್ಥ ಎಂಬ ಸುಳ್ಳು ಹಬ್ಬಿತು. ಕುಟುಂಬದ ಕಾರಿನಲ್ಲಿ ಹಸುಗೂಸಿನ ರಕ್ತ ಸಿಕ್ಕಿದೆ ಎಂದು ವಿಧಿವಿಜ್ಞಾನ ತಜ್ಞರು ನುಡಿದ ಮೇಲೆ 1982ರ ಅಕ್ಟೋಬರ್ 29ರಂದು ಡಾರ್ವಿನ್‌ನ ಜೂರಿ ಲಿಂಡಿಯನ್ನು ಕೊಲೆಗಾರ್ತಿ ಎಂದಿತು. ಜೀವಾವಧಿ ಶಿಕ್ಷೆಯಾಯಿತು. ಜೂರಿಯ ನಿರ್ಣಯವನ್ನು ತಳ್ಳಿಹಾಕಲು ಕಾರಣವಿಲ್ಲ ಎಂದು 1984ರಲ್ಲಿ ಹೈಕೋರ್ಟ್ ಕೂಡ ಮೂರಕ್ಕೆ ಎರಡರ ಬಹುಮತದಿಂದ ಮೇಲ್ಮನವಿಯನ್ನು ವಜಾ ಮಾಡಿತು.

ಮಗುವಿಗೆ ತೊಡಿಸಿದ್ದ ಹೊರ ಅಂಗಿಯೊಂದು ಎಲ್ಲಿಯೂ ಸಿಕ್ಕಿರಲಿಲ್ಲ. ಅಂಥ ಅಂಗಿ ಇತ್ತು ಎಂಬ ತಾಯಿಯ ಮಾತನ್ನು ಸರ್ಕಾರಿ ವಕೀಲರು ನಂಬಿರಲಿಲ್ಲ. 1986ರಲ್ಲಿ ಬಂಡೆಯಿಂದ ಬಿದ್ದ ಒಬ್ಬ ಪ್ರವಾಸಿಯ ದೇಹಕ್ಕಾಗಿ ಹುಡುಕುವಾಗ ಡಿಂಗೊಗಳ ಗವಿಗಳ ಆಸುಪಾಸಿನಲ್ಲಿ ಆ ಅಂಗಿ ಸಿಕ್ಕಿತು. ಕೆಲವೇ ದಿನಗಳಲ್ಲಿ ಲಿಂಡಿ ಬಿಡುಗಡೆಯಾದರು. ನ್ಯಾಯಮೂರ್ತಿ ಮಾರ್ಲಿಂಗ್ ಅವರ ತನಿಖಾ ಆಯೋಗ ವಿಜ್ಞಾನದ ಸಾಕ್ಷ್ಯವನ್ನು ಮತ್ತೆ ಒರೆಗೆ ಹಚ್ಚಿತು. ರಕ್ತ ಎಂದು ತಿಳಿದಿದ್ದ ಕಾರಿನೊಳಗಿನ ಮುಖ್ಯ ಚಿಮ್ಮುಗುರುತು ಕಾರ್ಖಾನೆಯಲ್ಲಿ ಸದ್ದು ತಗ್ಗಿಸಲು ಹೊಡೆದಿದ್ದ ರಾಸಾಯನಿಕವಾಗಿತ್ತು. 1988ರಲ್ಲಿ ಶಿಕ್ಷೆ ರದ್ದಾಯಿತು. ಮಗುವನ್ನು ಕೊಂದದ್ದು ಡಿಂಗೊ ಎಂದು ಮರಣ ಪ್ರಮಾಣಪತ್ರದಲ್ಲಿ ಬರೆಯಲು 2012ರ ಜೂನ್ 12ರವರೆಗೆ, ನಾಲ್ಕನೆಯ ಮರಣ ವಿಚಾರಣೆಯವರೆಗೆ, ಆ ತಾಯಿ ಕಾಯಬೇಕಾಯಿತು.

ಕರ್ನಾಟಕಕ್ಕೆ ನೇರವಾಗಿ ತಟ್ಟಿದ್ದು ಡಾ. ಮೊಹಮ್ಮದ್ ಹನೀಫ್ ಪ್ರಕರಣ. ಮೂಡಿಗೆರೆಯಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ವೈದ್ಯಕೀಯ ಓದಿ, ಇಂಗ್ಲೆಂಡಿನಲ್ಲಿದ್ದು, ಕ್ವೀನ್ಸ್‌ಲ್ಯಾಂಡಿನ ಗೋಲ್ಡ್ ಕೋಸ್ಟ್ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಅವರನ್ನು 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧಿಸಲಾಯಿತು. ಬೆಂಗಳೂರಿನಲ್ಲಿ ಕೆಲ ದಿನಗಳ ಹಿಂದೆ ಹುಟ್ಟಿದ್ದ ಮಗುವನ್ನು ನೋಡಲು ಅವರು ಹೊರಟಿದ್ದರು. ಜೂನ್ 30ರಂದು ಗ್ಲಾಸ್ಗೋ ವಿಮಾನ ನಿಲ್ದಾಣಕ್ಕೆ ಉರಿಯುವ ಜೀಪು ನುಗ್ಗಿಸಿದವರಲ್ಲಿ ಒಬ್ಬ ಅವರ ದೂರದ ಸೋದರಸಂಬಂಧಿ. ಇಂಗ್ಲೆಂಡ್ ಬಿಡುವಾಗ ಹನೀಫ್ ತಮ್ಮ ಮೊಬೈಲಿನ ಸಿಮ್ ಕಾರ್ಡನ್ನು ಆತನ ತಮ್ಮನಿಗೆ ಕೊಟ್ಟು ಬಂದಿದ್ದರು. ಅವರ ಮೇಲಿದ್ದ ಆರೋಪಕ್ಕೆ ಇದೇ ಆಧಾರ.

ಭಯೋತ್ಪಾದನೆಯ ಶಂಕಿತನನ್ನು ಆರೋಪ ಹೊರಿಸದೆ ಪ್ರಶ್ನಿಸಲು ಕಾನೂನು ಕೊಟ್ಟಿದ್ದ ಗರಿಷ್ಠ ಅವಧಿ 24 ಗಂಟೆ. ಆದರೆ ವಿಶ್ರಾಂತಿ, ಮಾಹಿತಿ ಸಂಗ್ರಹ ಇತ್ಯಾದಿಗೆ ಹಿಡಿದ ಸಮಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಈ ಲೆಕ್ಕಕ್ಕೆ ಬಾರದ ಸಮಯದ ಬಲದಿಂದಲೇ ಒಬ್ಬ ಮನುಷ್ಯ ಹನ್ನೆರಡು ದಿನ ಆರೋಪವಿಲ್ಲದೆ ಸೆರೆಯಲ್ಲಿದ್ದ. ಜುಲೈ 14ರಂದು ಆರೋಪ ಹೊರಿಸಿದರು. ಸಿಮ್ ಸಿಕ್ಕಿದ್ದು ಗ್ಲಾಸ್ಗೋದ ಜೀಪಿನಲ್ಲಿ ಎಂದು ಮ್ಯಾಜಿಸ್ಟ್ರೇಟರ ಮುಂದೆ ಹೇಳಲಾಯಿತು. ವಾಸ್ತವವಾಗಿ ಅದು ಸಿಕ್ಕಿದ್ದು ಲಿವರ್‌ಪೂಲ್‌ನಲ್ಲಿ, ತಮ್ಮನ ಬಳಿ. ಜುಲೈ 16ರಂದು ಮ್ಯಾಜಿಸ್ಟ್ರೇಟ್ ಜಾಕಿ ಪೇನ್ 10,000 ಡಾಲರ್ ಭದ್ರತೆಯ ಮೇಲೆ ಜಾಮೀನು ಕೊಟ್ಟರು. ಕೆಲವೇ ಗಂಟೆಗಳಲ್ಲಿ ವಲಸೆ ಸಚಿವ ಕೆವಿನ್ ಆಂಡ್ರ್ಯೂಸ್ ‘ನಡತೆ’ಯ ಕಾರಣ ನೀಡಿ ಹನೀಫ್ ಅವರ ವೀಸಾ ರದ್ದು ಮಾಡಿದರು. ಕೋರ್ಟು ಬಾಗಿಲು ತೆರೆದ ದಿನವೇ ಸಚಿವರ ಕಚೇರಿ ಅದನ್ನು ಮತ್ತೆ ಮುಚ್ಚಿದ್ದು ಈ ಪ್ರಕರಣದ ಅತ್ಯಂತ ಕಳವಳಕಾರಿ ಅಂಶ.

ಸಾಕ್ಷ್ಯ ಸಾಲದೆಂದು ಜುಲೈ 27ರಂದು ಆರೋಪ ಹಿಂತೆಗೆದುಕೊಳ್ಳಲಾಯಿತು. ಹನೀಫ್ 29ರಂದು ಬೆಂಗಳೂರಿಗೆ ಮರಳಿದರು. ವೀಸಾದ ಪ್ರಶ್ನೆ ಫೆಡರಲ್ ಕೋರ್ಟಿನಲ್ಲಿ ಮುಂದುವರಿಯಿತು. ಸಚಿವರು ಹೇಳಿದ ‘ನಡತೆ’ಯ ಪರೀಕ್ಷೆಯಲ್ಲಿ ಅಪರಾಧಿಗಳೊಂದಿಗೆ ‘ಸಂಬಂಧ’ ಎಂದರೆ ಬರೀ ನೆಂಟಸ್ತಿಕೆ, ಪರಿಚಯ ಆದೀತೆ? ಹಾಗಾದರೆ ಆರೋಪಿಗಳ ಪರ ವಾದಿಸಿದ್ದ ತಾವೂ ಈ ಪರೀಕ್ಷೆಯಲ್ಲಿ ನಪಾಸು ಎಂದು ನ್ಯಾಯಮೂರ್ತಿ ಜೆಫ್ರಿ ಸ್ಪೆಂಡರ್ ವಿಚಾರಣೆಯ ವೇಳೆ ಅಂದಿದ್ದರು. ಅಪರಾಧದಲ್ಲಿ ಏನಾದರೂ ಪಾಲೋ ಒಲವೋ ಇದ್ದರೆ ಮಾತ್ರ ಅದು ಕಾನೂನು ಹೇಳುವ ಸಂಬಂಧ ಎಂದು ಅವರು ಆಗಸ್ಟ್ 21ರಂದು ಸಚಿವರ ಆದೇಶವನ್ನು ತಳ್ಳಿಹಾಕಿದರು. ಡಿಸೆಂಬರ್‌ನಲ್ಲಿ ಪೂರ್ಣಪೀಠವೂ ಅದನ್ನೇ ಎತ್ತಿಹಿಡಿಯಿತು. ಹನೀಫ್ ವಿರುದ್ಧ ಆರೋಪ ಹೊರಿಸಿದ್ದೇ ತಪ್ಪು ಎಂದು 2008ರಲ್ಲಿ ಜಾನ್ ಕ್ಲಾರ್ಕ್ ಅವರ ತನಿಖಾ ವರದಿ ಹೇಳಿತು. 2010ರಲ್ಲಿ ಸರ್ಕಾರ ಪರಿಹಾರ ನೀಡಿತು, ಮೊತ್ತವನ್ನು ಬಹಿರಂಗಪಡಿಸಲಿಲ್ಲ. ಲೆಕ್ಕಕ್ಕೆ ಬಾರದ ಸಮಯಕ್ಕೆ ಅದೇ ವರ್ಷ ಏಳು ದಿನಗಳ ಮಿತಿ ಬಂತು.

ವಲಸೆ ಕಾನೂನಿನಲ್ಲೇ ಈಚಿನ ದೊಡ್ಡ ತಿರುವೂ ಆಗಿದೆ. ವೀಸಾ ಇಲ್ಲದವರನ್ನು ದೇಶದಿಂದ ಕಳಿಸುವವರೆಗೆ ಬಂಧನದಲ್ಲಿಡುವುದು ಅಲ್ಲಿ ಕಡ್ಡಾಯ. ಯಾವ ದೇಶವೂ ಒಪ್ಪಿಕೊಳ್ಳದ, ಪೌರತ್ವವೇ ಇಲ್ಲದ ಮನುಷ್ಯನ ಗತಿ? ಅಂಥವನನ್ನು ಎಷ್ಟು ಕಾಲವಾದರೂ ಇಟ್ಟುಕೊಳ್ಳಬಹುದು ಎಂದು 2004ರಲ್ಲಿ ಹೈಕೋರ್ಟ್ ನಾಲ್ಕಕ್ಕೆ ಮೂರರ ಬಹುಮತದಿಂದ ಹೇಳಿತು. ಹಕ್ಕುಗಳ ಅಧ್ಯಾಯವಿಲ್ಲದ ಕೊರತೆ ಇಷ್ಟು ಕಠೋರವಾಗಿ ಬೇರೆಲ್ಲೂ ಕಂಡಿರಲಿಲ್ಲ. ಹತ್ತೊಂಬತ್ತು ವರ್ಷಗಳ ಬಳಿಕ, 2023ರ ನವೆಂಬರ್ 8ರಂದು, ಪೌರತ್ವವಿಲ್ಲದ ಒಬ್ಬ ರೋಹಿಂಗ್ಯಾನ ಅರ್ಜಿಯ ಮೇಲೆ ಅದೇ ನ್ಯಾಯಾಲಯ ಸರ್ವಾನುಮತದಿಂದ ಆ ತೀರ್ಪನ್ನು ಬದಿಗಿಟ್ಟಿತು. ಶಿಕ್ಷೆ ಕೊಡುವ ಅಧಿಕಾರ ನ್ಯಾಯಾಲಯಕ್ಕೆ ಸೇರಿದ್ದು. ಕಳಿಸುವ ಸಾಧ್ಯತೆ ಹತ್ತಿರದಲ್ಲಿ ಇಲ್ಲದಿರುವಾಗ ಬಂಧನ ಶಿಕ್ಷೆಯೇ ಆಗುತ್ತದೆ ಎಂಬುದು ಕಾರಣ. ನೂರಕ್ಕೂ ಹೆಚ್ಚು ಮಂದಿ ಬಿಡುಗಡೆಯಾದರು. ಸಂಸತ್ತು ಕೆಲವೇ ದಿನಗಳಲ್ಲಿ ಅವರ ಕಾಲಿಗೆ ವಿದ್ಯುನ್ಮಾನ ಪಟ್ಟಿ ಕಟ್ಟುವ, ರಾತ್ರಿ ಮನೆಯಿಂದ ಹೊರಬಾರದಂತೆ ತಡೆಯುವ ಕಾನೂನು ಮಾಡಿತು. 2024ರ ನವೆಂಬರ್ 6ರಂದು ಹೈಕೋರ್ಟ್ ಐದಕ್ಕೆ ಎರಡರ ಬಹುಮತದಿಂದ, ಅದೇ ಕಾರಣ ಕೊಟ್ಟು, ಆ ನಿಯಮಗಳನ್ನೂ ಅಸಿಂಧುಗೊಳಿಸಿತು.